ಹಾಡು ಮುಗಿದ ಮೇಲೆ ಹೆಸರು ಹೇಳಿ

ಅಕ್ಕಂದಿರೇ, ಚಿಕ್ಕಮ್ಮಂದಿರೇ, ಪಕ್ಕದ್ಮನೆಯವರೇ, ಈ ಸಲ ಹಲಸಿನ ಹಪ್ಪಳವೂ ಇಲ್ಲ, ಮಿಡಿ ಉಪ್ಪಿನಕಾಯಿಯೂ ಇಲ್ಲ. ಈ ಸಲ ಕ್ಯಾಸೆಟ್ಟಿನ ವಿಷಯ. ನಗ್ಬೇಡಿ ಮತ್ತೆ. ಹಪ್ಪಳ ಬೂಸ್ಟು ಹಿಡಿಯದ ಹಾಗೆ ಇಡುವುದು ಹೇಗೆ ಅಂತ ನಮಗೆ ಯಾರೂ ಕಲಿಸಬೇಕಾಗಿಲ್ಲ. ಮನುಷ್ಯರ ಸ್ವರ ಬೂಸ್ಟು ಹಿಡಿಯದ ಹಾಗೆ ಇಡುವುದು ಹೇಗೆ? ಅದಕ್ಕೂ ಒಂದು ದೊಡ್ಡ ಇತಿಹಾಸ ಉಂಟು. ಅದರಲ್ಲಿ ನಮ್ಮ ಉಡುಪಿಯ ಪಾಲೂ ಉಂಟು, ನಮ್ಮಂಥ ಹೆಂಗಸರ ಪಾಲೂ ಉಂಟು. ಹೆಂಗಸರದ್ದು ಸ್ವಲ್ಪ ಹುಡುಕಬೇಕು, ಅಷ್ಟೆ.

ಶುರು ಮಾಡಿದ್ದೇ ಒಬ್ಬಳು ಹೆಂಗಸು ಅಂತ ಹೇಳಬಹುದು. 1902ರ ನವೆಂಬರ್‌ನಲ್ಲಿ ಕಲ್ಕತ್ತೆಯ ಒಂದು ಹೋಟೆಲಿನ ಕೋಣೆಯಲ್ಲಿ ಗೌಹರ್ ಜಾನ್ ಎಂಬ ಗಾಯಕಿ ಗ್ರಾಮಫೋನ್ ಕಂಪೆನಿಯವರ ತುತೂರಿಯ ಎದುರು ನಿಂತು ಹಾಡಿದಳು. ನಮ್ಮ ದೇಶದಲ್ಲಿ ಮಾಡಿದ ಮೊದಮೊದಲ ರೆಕಾರ್ಡುಗಳಲ್ಲಿ ಅವಳದ್ದು ಸೇರಿದೆ. ಒಂದು ಬದಿಗೆ ಹೆಚ್ಚೆಂದರೆ ಮೂರು ಮೂರೂವರೆ ನಿಮಿಷ. ಗಂಟೆಗಟ್ಟಲೆ ಹಾಡುವ ರಾಗವನ್ನು ಅಷ್ಟರೊಳಗೆ ಮುಗಿಸಬೇಕು. ಮುಗಿಸಿದ ಕೂಡಲೇ ಇಂಗ್ಲಿಷಿನಲ್ಲಿ ಗಟ್ಟಿಯಾಗಿ ತನ್ನ ಹೆಸರು ಹೇಳುತ್ತಿದ್ದಳು. ಅದು ಜಂಭಕ್ಕೆ ಅಲ್ಲ. ಇಲ್ಲಿ ಹಿಡಿದ ಸ್ವರ ಹಡಗಿನಲ್ಲಿ ಜರ್ಮನಿಯ ಹ್ಯಾನೋವರ್‌ಗೆ ಹೋಗಿ ಅಲ್ಲಿ ತಟ್ಟೆಯಾಗಿ ಅಚ್ಚಾಗಬೇಕು. ಅಲ್ಲಿಯವರಿಗೆ ನಮ್ಮ ಭಾಷೆ ಗೊತ್ತಿಲ್ಲ, ಯಾರ ತಟ್ಟೆಗೆ ಯಾರ ಚೀಟಿ ಅಂಟಿಸುವುದು? ಅದಕ್ಕೇ ಹಾಡಿನ ಬಾಲಕ್ಕೆ ಹೆಸರು. ಇದನ್ನು ಸ್ವಲ್ಪ ನೆನಪಿಟ್ಟುಕೊಳ್ಳಿ, ಮುಂದೆ ಬೇಕಾಗ್ತದೆ.

ಆ ತಟ್ಟೆ ಎಂತದ್ದರಿಂದ ಮಾಡಿದ್ದು ಗೊತ್ತುಂಟಾ? ಅರಗು. ಬಳೆಗೆ, ಬಾಗಿಲಿನ ಮೆರುಗಿಗೆ ಹಾಕುವ ಅದೇ ಅರಗು. ಮರದ ಮೇಲೆ ಕೂತ ಸಣ್ಣ ಹುಳ ಕೊಡುವ ಅಂಟು. ಅದು ಹೆಚ್ಚಾಗಿ ಹೋಗುತ್ತಿದ್ದದ್ದೂ ನಮ್ಮ ದೇಶದಿಂದಲೇ. ಅರಗಿನ ತಟ್ಟೆಗೆ ಒಂದು ಗುಣ: ಕೈ ಜಾರಿದರೆ ಹೆಂಚಿನ ಹಾಗೆ ಒಡೆಯುತ್ತದೆ, ಆದರೆ ಒಡೆಯದೆ ಇಟ್ಟರೆ ನೂರು ವರ್ಷ ಬಾಳುತ್ತದೆ. ಆಮೇಲೆ ಬಂದ ಟೇಪಿಗೆ ಇದರ ತಿರುಗು. ಬಿದ್ದರೆ ಒಡೆಯುವುದಿಲ್ಲ, ಇಟ್ಟಲ್ಲೇ ಸಾಯುತ್ತದೆ.

ಹಾಡು ಬಿಟ್ಟು ಮಾತಿಗೆ ಬಂದರೆ, ಗ್ರಿಯರ್ಸನ್ ಎಂಬ ಬ್ರಿಟಿಷ್ ಅಧಿಕಾರಿ ಭಾರತದ ಭಾಷೆಗಳ ಸರ್ವೇಕ್ಷಣೆ ಮಾಡಿದ ಕತೆ ಶಾಲೆಯಲ್ಲಿ ಕೇಳಿದ್ದೇವೆ. ಆ ಕೆಲಸದ ಜೊತೆಗೆ ಬೇರೆ ಬೇರೆ ಪ್ರಾಂತ್ಯಗಳ ಮಾತಿನ ಗ್ರಾಮಫೋನ್ ರೆಕಾರ್ಡುಗಳನ್ನೂ ಮಾಡಿಸಿದ್ದರು. ನಮ್ಮ ಊರು ಆಗ ಮದ್ರಾಸ್ ಪ್ರಾಂತ್ಯದ ದಕ್ಷಿಣ ಕನ್ನಡ ಜಿಲ್ಲೆ. ಮದ್ರಾಸ್ ಪ್ರಾಂತ್ಯದ ಭಾಷೆಗಳ ರೆಕಾರ್ಡುಗಳೂ ಆ ಸಾಲಿನಲ್ಲಿ ಉಂಟು. ನೂರು ವರ್ಷದ ಹಿಂದಿನ ಆ ಸ್ವರಗಳು ಈಗ ಡಿಜಿಟಲ್ ಆಗಿ ಷಿಕಾಗೋ ವಿಶ್ವವಿದ್ಯಾಲಯದ ಜಾಲತಾಣದಲ್ಲಿ ಸಿಗುತ್ತವೆ. ಮನೆಯಲ್ಲೇ ಕೂತು, ಬೀನ್ಸ್ ಮುರಿಯುತ್ತಾ ಕೇಳಬಹುದು.

1938ರಲ್ಲಿ ಅರ್ನಾಲ್ಡ್ ಬಾಕೆ ಎಂಬ ಡಚ್ ವಿದ್ವಾಂಸ ರೆಕಾರ್ಡಿಂಗ್ ಯಂತ್ರ, ಕ್ಯಾಮೆರಾ ಹೊತ್ತುಕೊಂಡು ತಮಿಳುನಾಡು, ಕೇರಳ, ಕರ್ನಾಟಕ ಸುತ್ತಿದ. ಅವ ಹಿಡಿದದ್ದೆಲ್ಲ ಪರದೇಶಕ್ಕೆ ಹೋಯಿತು. 1984ರಲ್ಲಿ ನಜೀರ್ ಜೈರಾಜ್‌ಭಾಯ್ ಮತ್ತು ಏಮಿ ಕ್ಯಾಟ್ಲಿನ್ ಆ ಹಳೆಯ ಧ್ವನಿಯ ಪ್ರತಿ ಹಿಡಿದುಕೊಂಡು ಅದೇ ದಾರಿಯಲ್ಲಿ ಮತ್ತೆ ಬಂದರು. ಹಾಡಿದವರ ಊರಿಗೆ ಹೋಗಿ, ಮಕ್ಕಳು ಮೊಮ್ಮಕ್ಕಳಿಗೆ ಕೇಳಿಸಿ, ಎಂತ ಉಳಿದಿದೆ ಎಂತ ಹೋಗಿದೆ ಅಂತ ನೋಡಿದರು. ಪರದೇಶಕ್ಕೆ ಹೋದ ಇಂಥ ಧ್ವನಿಗಳ ಪ್ರತಿ ನಮ್ಮ ದೇಶದಲ್ಲೇ ಇರಬೇಕು ಎಂಬ ಉದ್ದೇಶಕ್ಕೆ 1982ರಲ್ಲಿ ಹುಟ್ಟಿದ ಒಂದು ಸಂಗೀತ ಸಂಗ್ರಹಾಲಯ ಈಗ ದೆಹಲಿ ಪಕ್ಕದ ಗುರುಗ್ರಾಮದಲ್ಲಿ ಉಂಟು. ಅದನ್ನು ಶುರು ಮಾಡಿದ್ದೂ ಇದೇ ಜೈರಾಜ್‌ಭಾಯ್.

ಇನ್ನು ನಮ್ಮ ಊರಿಗೆ ಬರುವ. ಎಂ.ಜಿ.ಎಂ. ಕಾಲೇಜು ಅಂದರೆ ನಮಗೆ ಮಕ್ಕಳ ಪಿ.ಯು.ಸಿ., ಡಿಗ್ರಿ, ಅಲ್ಲಿಯ ಮೈದಾನ. ಆದರೆ ಧ್ವನಿ ಹಿಡಿದಿಡುವ ಕೆಲಸದಲ್ಲಿ ಆ ಕಾಲೇಜಿನ ಹೆಸರು ದೊಡ್ಡದು. ಅಲ್ಲಿ ಪ್ರಾಂಶುಪಾಲರಾಗಿದ್ದ ಕು.ಶಿ. ಹರಿದಾಸ ಭಟ್ಟರು, ಫೋರ್ಡ್ ಫೌಂಡೇಶನ್ನಿನ ನೆರವು ತಂದು, ಜನಪದ ರಂಗಕಲೆಗಳಿಗೆ ಅಂತಲೇ ಒಂದು ಪ್ರಾದೇಶಿಕ ಅಧ್ಯಯನ ಕೇಂದ್ರ ಕಟ್ಟಿದರು. ಅದು ಎಂಬತ್ತರ ದಶಕ. ಯಕ್ಷಗಾನ, ಗೊಂಬೆಯಾಟ, ಭೂತಕೋಲ, ಪಾಡ್ದನ, ಎಲ್ಲಿ ಎಂತ ಉಂಟೋ ಅಲ್ಲಿಗೆ ಹೋಗಿ ಟೇಪಿನಲ್ಲಿ, ವಿಡಿಯೋದಲ್ಲಿ ಹಿಡಿಯುವ ಕೆಲಸ. ಅದೇ ಕಾಲೇಜಿನ ಗೋವಿಂದ ಪೈ ಸಂಶೋಧನ ಕೇಂದ್ರದಲ್ಲಿ 1979ರಿಂದ ತುಳು ನಿಘಂಟಿನ ಕೆಲಸ ನಡೆದು, 1997ರ ಹೊತ್ತಿಗೆ ಆರು ಸಂಪುಟ ಮುಗಿಯಿತು. ಸಂಪಾದಕರು ಯು.ಪಿ. ಉಪಾಧ್ಯಾಯರು. ಅವರ ಹೆಂಡತಿ ಸುಶೀಲಾ ಉಪಾಧ್ಯಾಯರೂ ಅಷ್ಟೇ ದೊಡ್ಡ ವಿದುಷಿ, ಜನಪದ ಸಾಹಿತ್ಯ ಸಂಗ್ರಹ ಮಾಡಿದವರು. ಇಬ್ಬರೂ ಒಂದೇ ಮನೆಯಲ್ಲಿ ಇದ್ದುಕೊಂಡು ಇಂಥ ಕೆಲಸ ಮಾಡಿದರು ಅಂದರೆ ನನಗೆ ಮೊದಲು ಬರುವ ಪ್ರಶ್ನೆ, ಬೆಳಗ್ಗಿನ ತಿಂಡಿ ಯಾರು ಮಾಡ್ತಿದ್ದದ್ದು ಅಂತ! ಇರಲಿ.

1976ರಲ್ಲಿ ಮಂಗಳೂರು ಆಕಾಶವಾಣಿ ಶುರುವಾಯಿತು. ಅದರ ಪ್ರಸಾರದ ಕಂಬ ನಮ್ಮ ಬ್ರಹ್ಮಾವರದಲ್ಲಿ. ತಾಳಮದ್ದಳೆ, ತುಳು ಹಾಡು, ಕೊಂಕಣಿ, ಕೃಷಿರಂಗ ಎಲ್ಲ ಅಡುಗೆಮನೆಗೇ ಬಂತು. ರೇಡಿಯೋದ ಲೆಕ್ಕಾಚಾರ ಮಾತ್ರ ಬೇರೆ, ಅಲ್ಲಿ ಸಮಯ ಅಳೆದು ಕೊಡುವುದು. ಅದಕ್ಕೊಂದು ಒಳ್ಳೆಯ ಉದಾಹರಣೆ ಉಂಟು.

ಬೆಳ್ತಂಗಡಿ ತಾಲೂಕಿನ ಮಾಚಾರಿನ ಗೋಪಾಲ ನಾಯ್ಕರು ಪಾಡ್ದನ ಹೇಳುವವರು, ಸಿರಿ ಜಾತ್ರೆಯಲ್ಲಿ ಕುಮಾರನಾಗಿ ನಿಲ್ಲುವವರು. ರೇಡಿಯೋದವರಿಗೆ ಅವರು ಕೋಟಿ ಚೆನ್ನಯರ ಕತೆಯನ್ನು ಇಪ್ಪತ್ತು ನಿಮಿಷದಲ್ಲಿ ಹಾಡಿದ್ದರು. ಆಮೇಲೆ ಫಿನ್ಲೆಂಡಿನ ಲೌರಿ ಹೊಂಕೊ ಎಂಬ ಪ್ರೊಫೆಸರು, ಅವರ ಹೆಂಡತಿ ಅನ್ನೇಲಿ, ನಮ್ಮ ವಿವೇಕ ರೈಗಳು, ಚಿನ್ನಪ್ಪ ಗೌಡರು ಎಲ್ಲ ಸೇರಿ, ಗಡಿಬಿಡಿ ಇಲ್ಲ, ಪೂರ್ತಿ ಹೇಳಿ ಅಂತ ಕೇಳಿದರು. ಅದೇ ಕತೆ ಹದಿನೈದು ಗಂಟೆ ಆಯಿತು, 7,000 ಸಾಲು. ವಿಶೇಷ ಎಂತ ಅಂದರೆ, ಎರಡು ಸಲವೂ ಪೂರ್ತಿ ಕತೆಯನ್ನೇ ಹೇಳಿದ್ದೇನೆ ಅಂತ ನಾಯ್ಕರ ಮಾತು. ಅವರು ಹೇಳಿದ್ದು ಸರಿಯೇ. ಕೇಳುವವರ ಹತ್ತಿರ ಎಷ್ಟು ಪುರುಸೊತ್ತು ಉಂಟೋ ಅಷ್ಟೇ ಕತೆ ಹೊರಗೆ ಬರುವುದು.

1990ರ ಡಿಸೆಂಬರಿನಲ್ಲಿ ಅವರದೇ ಬಾಯಿಯಿಂದ ಸಿರಿ ಪಾಡ್ದನ ರೆಕಾರ್ಡ್ ಆಯಿತು. ಅದನ್ನು ಕೂತು ಕೇಳಿ, ಅಕ್ಷರಕ್ಕೆ ಇಳಿಸಿ, ಇಂಗ್ಲಿಷಿಗೆ ತಂದು ಪುಸ್ತಕವಾಗುವಾಗ 1998. ಒಟ್ಟು 15,683 ಸಾಲು. ಗ್ರೀಕರ ಮಹಾಕಾವ್ಯ ಇಲಿಯಡ್ ಉಂಟಲ್ಲ, ಅದು 15,693 ಸಾಲು. ನಮ್ಮ ಸಿರಿ ಹತ್ತೇ ಸಾಲು ಕಡಿಮೆ! ಗದ್ದೆಯ ಬದುವಿನಲ್ಲಿ ಹಾಡುವ ಹಾಡು ಅಂತ ಎಷ್ಟೋ ಜನ ಮೂಗು ಮುರಿದದ್ದು ಇದನ್ನೇ.

ಸಿರಿಯ ಕತೆ ನಿಮಗೆಲ್ಲ ಗೊತ್ತೇ ಉಂಟು. ಸತ್ಯನಾಪುರದ ಬೆರ್ಮು ಆಳ್ವನ ಮನೆಗೆ ಬೆರ್ಮೆರ ಪ್ರಸಾದವಾಗಿ ಬಂದವಳು. ಗಂಡ ಕಾಂತು ಪೂಂಜ ಬೇರೆಯವಳ ಮನೆಗೆ ಹೋಗಿ, ಇವಳ ಸೀಮಂತದ ಸೀರೆಯನ್ನೂ ಅಲ್ಲಿ ಮೈಲಿಗೆ ಮಾಡಿ ತಂದಾಗ, ಸಹಿಸಿಕೊಂಡು ಕೂರದೆ ಆ ಗಂಡನನ್ನು ಬಿಟ್ಟು ಹೊರಟವಳು. ಆಮೇಲೆ ಮಗಳು ಸೊನ್ನೆ, ಮೊಮ್ಮಕ್ಕಳು ಅಬ್ಬಗ, ದಾರಗ. ಅಕ್ಕ ತಂಗಿ ಚೆನ್ನೆಮಣೆ ಆಡಬಾರದು ಅಂತ ಅಜ್ಜಿ ಬೈಯುತ್ತಿದ್ದದ್ದು ಆ ಇಬ್ಬರ ಜಗಳದ ಕತೆಯಿಂದಲೇ. ನಮ್ಮ ಹಿರಿಯಡ್ಕದಲ್ಲಿ, ಕಾರ್ಕಳದ ಕಡೆ ನಂದಳಿಕೆಯಲ್ಲಿ ಸಿರಿ ಜಾತ್ರೆಗೆ ಹೋದವರಿಗೆ ಗೊತ್ತುಂಟು, ಹಿಂಗಾರ ಹಿಡಿದು ನಿಂತ ಅಷ್ಟು ಹೆಂಗಸರ ಸ್ವರ ಒಟ್ಟಿಗೆ ಏಳುವಾಗ ಮೈ ಜುಂ ಅಂತದೆ.

ಇದು ಹೆಂಗಸಿನ ಕತೆ. ನೇಜಿ ನೆಡುವಾಗ ಹೆಂಗಸರೇ ಹಾಡಿ ಉಳಿಸಿದ್ದು. ಲೋಕಕ್ಕೆಲ್ಲ ಗೊತ್ತಾದದ್ದು ಗಂಡಸು ಹಾಡಿದ ಪಾಠ. ಅದರಲ್ಲಿ ತಪ್ಪೇನಿಲ್ಲ, ನಾಯ್ಕರ ಹಾಗೆ ಹಾಡುವವರು ಅಪರೂಪ. ಆದರೆ ಅದೇ ಸಿರಿ ಪಾಡ್ದನವನ್ನು ರಾಮಕ್ಕ ಮುಗ್ಗೇರ್ತಿ ಎಂಬ ಹೆಂಗಸು ಕಟ್ಟಿ ಹಾಡಿದ್ದನ್ನು ಎ.ವಿ. ನಾವಡರು ಪುಸ್ತಕ ಮಾಡಿದ್ದಾರೆ. ಆ ಪುಸ್ತಕದ ಶೀರ್ಷಿಕೆಯಲ್ಲೇ ರಾಮಕ್ಕನ ಹೆಸರುಂಟು. ಹಾಡಿದವಳ ಹೆಸರು ಒಳಗೆಲ್ಲೋ ಅಡಿಟಿಪ್ಪಣಿಯಲ್ಲಿ ಅಲ್ಲ, ಮುಖಪುಟದಲ್ಲಿ. ಗೌಹರ್ ಜಾನ್ ಕೂಗಿ ಹೇಳಿದಳಲ್ಲ, ಹಾಗೆ.

ಈಗ ಒಂದು ಲೆಕ್ಕ ಹಾಕಿ. ಯಕ್ಷಗಾನದ ಭಾಗವತಿಕೆ, ತಾಳಮದ್ದಳೆಯ ಅರ್ಥ, ದೇವಸ್ಥಾನದ ಹರಿಕಥೆ, ಸಭೆಯ ಭಾಷಣ: ಮೈಕ್ ಇದ್ದಲ್ಲಿ ಟೇಪ್ ರೆಕಾರ್ಡರೂ ಇತ್ತು. ಮೈಕಿನ ಎದುರು ಇದ್ದವರು ಹೆಚ್ಚಿನವರು ಗಂಡಸರು. ನಮ್ಮ ಅಜ್ಜಿಯಂದಿರು ಹಾಡಿದ್ದು ಎಲ್ಲಿ? ತೊಟ್ಟಿಲ ಹತ್ತಿರ, ಹಸೆಮಣೆ ಹತ್ತಿರ, ಒರಳ ಹತ್ತಿರ. ಅಲ್ಲಿಗೆ ಮೈಕ್ ಬರಲಿಲ್ಲ. ವಾದಿರಾಜರ ಲಕ್ಷ್ಮೀ ಶೋಭಾನೆ ಪುಸ್ತಕದಲ್ಲುಂಟು, ಅದರ ಒಂದಕ್ಷರವೂ ಕಳೆದುಹೋಗುವುದಿಲ್ಲ. ಆದರೆ ಒಂದೊಂದು ಮನೆಗೂ ಒಂದೊಂದು ಧಾಟಿ ಉಂಟಲ್ಲ? ಕಾಪು ಕಡೆಯವರು ಎಳೆಯುವಲ್ಲಿ ಕಾರ್ಕಳದವರು ತುಂಡು ಮಾಡ್ತಾರೆ, ನನ್ನ ಅತ್ತೆ ಏರಿಸುವಲ್ಲಿ ಅಮ್ಮ ಇಳಿಸ್ತಾಳೆ. ಆ ಧಾಟಿಗೆ ಪುಸ್ತಕ ಇಲ್ಲ. ಅದು ಇರುವುದು ಗಂಟಲಲ್ಲಿ, ಇಲ್ಲದಿದ್ದರೆ ಮದುವೆ ಮನೆಯಲ್ಲಿ ಯಾರೋ ಭಾವ ಗಲ್ಫಿನಿಂದ ತಂದ ಟೇಪ್ ರೆಕಾರ್ಡರಿನ ಗುಂಡಿ ಒತ್ತಿ ಹಿಡಿದ ಒಂದು ಕ್ಯಾಸೆಟ್ಟಿನಲ್ಲಿ.

ನಮ್ಮ ಕಾಪುವಿನ ಮನೆಯ ಅಟ್ಟದಲ್ಲಿ ಅಂಥದ್ದೇ ಒಂದು ಸಿಕ್ಕಿತು. ಮೇಲೆ ಪೆನ್ಸಿಲಿನಲ್ಲಿ 'ಮದುವೆ – 2' ಅಂತ ಮಾತ್ರ. ಯಾರ ಮದುವೆ, ಯಾವ ವರ್ಷ, ಒಂದನೆಯದ್ದು ಎಲ್ಲಿ, ಎಂತದ್ದೂ ಇಲ್ಲ. ಟೇಪಿನ ಅಂಚಿನಲ್ಲಿ ಬಿಳಿ ಬೂಸ್ಟು.

ಕ್ಯಾಸೆಟ್ ಟೇಪ್ ಅಂದರೆ ಎಂತ? ನಾಲ್ಕು ಮಿಲಿಮೀಟರೂ ಅಗಲ ಇಲ್ಲದ ಪ್ಲಾಸ್ಟಿಕ್ ಪಟ್ಟಿ. 90 ನಿಮಿಷದ್ದಾದರೆ ಸುಮಾರು 130 ಮೀಟರ್ ಉದ್ದ. ಅದರ ಮೇಲೆ ಕಬ್ಬಿಣದ ತುಕ್ಕಿನಂಥ ಪುಡಿಯನ್ನು ಅಂಟಿನಲ್ಲಿ ಕಲಸಿ ಬಳಿದಿರುತ್ತಾರೆ. ಸ್ವರ ಇರುವುದು ಆ ಪುಡಿಯಲ್ಲಿ, ಪುಡಿ ಇರುವುದು ಆ ಅಂಟಿನಲ್ಲಿ. ನಮ್ಮ ಆಟಿ ತಿಂಗಳ ಥಂಡಿಗೆ ಅಂಟು ನೀರು ಕುಡಿದು ಸಡಿಲಾಗ್ತದೆ, ಬೂಸ್ಟಿಗೆ ಅದೇ ಅಂಟು ಊಟ. ಅದನ್ನು ಹಾಗೇ ಪ್ಲೇಯರಿಗೆ ಹಾಕಿದರೆ ಪುಡಿ ಕಿತ್ತು ಬರ್ತದೆ, ಬೂಸ್ಟು ಪ್ಲೇಯರಿಗೂ ಹತ್ತಿ, ಮುಂದೆ ಹಾಕುವ ಒಳ್ಳೆಯ ಕ್ಯಾಸೆಟ್ಟಿಗೂ ಹಬ್ಬುತ್ತದೆ. ಬಿಸಿಲಿಗೆ ಒಣಗಿಸುವ ಅಂದರೆ ಪ್ಲಾಸ್ಟಿಕ್ ಸೊಟ್ಟ ಆಗ್ತದೆ. ಹಪ್ಪಳದ ಬುದ್ಧಿ ಇಲ್ಲಿ ನಡೆಯುವುದಿಲ್ಲ.

ಇದು ನಮ್ಮ ಅಟ್ಟದ ಸಮಸ್ಯೆ ಮಾತ್ರ ಅಲ್ಲ. 2019ರಲ್ಲಿ ಯುನೆಸ್ಕೋದವರು, ಲೋಕದ ಧ್ವನಿ ಸಂಗ್ರಹಾಲಯಗಳ ಸಂಘದವರೊಂದಿಗೆ ಸೇರಿ, ಟೇಪುಗಳ ಬಗ್ಗೆ ಒಂದು ಎಚ್ಚರಿಕೆಯ ಗಂಟೆ ಹೊಡೆದರು. ಟೇಪು ಹಾಳಾಗುವುದು ಒಂದು ಕಡೆ, ಅದನ್ನು ನುಡಿಸುವ ಯಂತ್ರ, ಬಿಡಿಭಾಗ, ರಿಪೇರಿ ಗೊತ್ತಿದ್ದ ಜನ ಮುಗಿಯುವುದು ಇನ್ನೊಂದು ಕಡೆ. 2025ರ ಹೊತ್ತಿಗೆ ನಕಲು ಮಾಡದಿದ್ದದ್ದು ಆಮೇಲೆ ಸಿಗುವುದು ಕಷ್ಟ ಅಂತ ಅವರ ಅಂದಾಜು. ಆ ವರ್ಷ ಬಂದೂ ಆಯಿತು. ಟೇಪಿದ್ದೂ ಟೇಪ್ ರೆಕಾರ್ಡರ್ ಇಲ್ಲದ ಮನೆಗಳು ನಮ್ಮಲ್ಲೇ ಎಷ್ಟಿಲ್ಲ?

ದೊಡ್ಡ ಸಂಗ್ರಹಾಲಯಗಳಲ್ಲಿ ಮಾಡುವ ಕ್ರಮ ಹೀಗೆ. ಮೊದಲು ಟೇಪು ನೋಡಿ ಶುಚಿ ಮಾಡುವುದು. ಆಮೇಲೆ ಒಳ್ಳೆಯ ಯಂತ್ರದಲ್ಲಿ ಒಮ್ಮೆ ನುಡಿಸುವುದು. ಒಂದು ಗಂಟೆಯ ಟೇಪಿಗೆ ಒಂದು ಗಂಟೆಯೇ ಬೇಕು, ಕುಕ್ಕರಿನಲ್ಲಿ ಬೇಗ ಬೇಯಿಸುವ ಉಪಾಯ ಇಲ್ಲಿಲ್ಲ. ಬಂದ ಸ್ವರವನ್ನು ಸೆಕೆಂಡಿಗೆ 96,000 ಸಲ ಅಳೆದು ಬರೆದುಕೊಳ್ಳುವುದು, 24 ಬಿಟ್ ಅಂತ ಹೇಳ್ತಾರೆ. ಹಾಗೆ ಮಾಡಿದರೆ ಒಂದು ಗಂಟೆಗೆ ಸುಮಾರು ಎರಡು ಜಿಬಿ ಜಾಗ ಬೇಕು. ಅದನ್ನು ಎಂಪಿ3 ಮಾಡಿದರೆ ತುಂಬಾ ಸಣ್ಣದಾಗ್ತದೆ, ಸರಿ. ಆದರೆ ಎಂಪಿ3 ಅಂದರೆ ಸಾರು ಸೋಸಿ ತಿಳಿ ಮಾತ್ರ ಇಟ್ಟ ಹಾಗೆ. ಸೋಸಿ ಚೆಲ್ಲಿದ ಬೇಳೆ ಮತ್ತೆ ಬರುವುದಿಲ್ಲ. ಹಾಗಾಗಿ ಮೂಲವನ್ನು ವೇವ್ ಫೈಲಿನಲ್ಲಿ ಇಟ್ಟು, ವಾಟ್ಸಾಪಿಗೆ ಬೇಕಾದರೆ ಬೇರೆ ಎಂಪಿ3 ಮಾಡಿಕೊಳ್ಳುವುದು.

ನಮ್ಮ ಕ್ಯಾಸೆಟ್ಟಿನ ಕೆಲಸಕ್ಕೆ ಮಣಿಪಾಲದಲ್ಲಿ ಕಲಿಯುವ ಅಕ್ಕನ ಮಗ ಬಂದ. ಬಾಯಿಗೆ ಮಾಸ್ಕ್ ಹಾಕಿ, ಅಂಗಳದಲ್ಲಿ ಕೂತು, ಟೇಪನ್ನು ನಿಧಾನ ಬಿಚ್ಚಿ ಮೆತ್ತನೆ ಬಟ್ಟೆಯಲ್ಲಿ ಒರೆಸಿದ. ಸ್ಕ್ರೂ ಇದ್ದ ಹೊಸ ಖಾಲಿ ಡಬ್ಬಿಗೆ ಸುತ್ತಿದ. ಪ್ಲೇಯರಿನ ಮಂಡೆಯನ್ನು ಔಷಧಿ ಅಂಗಡಿಯ ಐಸೋಪ್ರೊಪೈಲ್ ಆಲ್ಕೊಹಾಲಿನಲ್ಲಿ ಒರೆಸಿ, ಅಲ್ಲಿದ್ದ ಒಂದು ಸಣ್ಣ ಸ್ಕ್ರೂ ತಿರುಗಿಸುತ್ತಾ ಹೋದಾಗ, ಕಂಬಳಿ ಹೊದ್ದು ಮಾತಾಡಿದ ಹಾಗಿದ್ದ ಸ್ವರ ಒಮ್ಮೆಲೇ ಬಿಚ್ಚಿಕೊಂಡಿತು. ಒಂದೊಂದು ಹಾಡಿನ ಮೊದಲು, ಅದೇ ಹಾಡು ತುಂಬಾ ದೂರದಿಂದ ಕೇಳಿದ ಹಾಗೆ ಒಂದು ಕ್ಷಣ ಕೇಳ್ತದೆ. ಭೂತ ಅಲ್ಲ ಮಾರಾಯ್ತಿ! ವರ್ಷಗಟ್ಟಲೆ ಸುತ್ತಿ ಇಟ್ಟಾಗ ಒಂದು ಸುತ್ತಿನ ಸ್ವರ ಪಕ್ಕದ ಸುತ್ತಿಗೆ ಅಂಟುವುದಂತೆ. ಹಸಿ ಅಚ್ಚಿನ ಸೀರೆ ಮಡಚಿಟ್ಟರೆ ಬಣ್ಣ ಆಚೆ ಬದಿಗೆ ಹತ್ತುವುದಿಲ್ಲವಾ, ಹಾಗೆ.

ಹುಡುಗ ಗದ್ದಲ ಎಲ್ಲ ತೆಗೆದು ಶುದ್ಧ ಮಾಡಿಕೊಡ್ತೇನೆ ಅಂದ. ಮೂಲಕ್ಕೆ ಕೈ ಹಾಕುವುದು ಬೇಡ, ಬೇಕಾದರೆ ಒಂದು ಪ್ರತಿಯಲ್ಲಿ ಮಾಡು ಅಂದೆ. ಗದ್ದಲ ಅಂದರೆ ಎಂತದು? ಬಾವಿಯ ರಾಟೆಯ ಸದ್ದು, ಮಗುವಿನ ಹಟ, ಯಾರೋ 'ಜೋರು ಹೇಳಿ, ಕೇಳುದಿಲ್ಲ' ಅನ್ನುವುದು. ಆ ರಾಟೆ ಈಗ ಇಲ್ಲ, ಬಾವಿಗೆ ಪಂಪು ಬಂದಿದೆ. ಹಟ ಮಾಡಿದ ಮಗುವಿಗೆ ಈಗ ತಲೆ ಕೂದಲು ನರೆದಿದೆ. ಹಾಡಿನಷ್ಟೇ ಅದೂ ಇತಿಹಾಸ.

ಟೇಪಿನಲ್ಲಿ ನಾಲ್ಕು ಹೆಂಗಸರ ಸ್ವರ. ಒಂದು ನನ್ನ ಅತ್ತೆಯದ್ದು, ಅದು ನನಗೆ ಗೊತ್ತಾಯಿತು. ಅವರು ಹೋಗಿ ಹನ್ನೊಂದು ವರ್ಷ. ಫೋಟೋ ನೋಡುವಾಗ ಇಲ್ಲದ ಒಂದು ಸಂಕಟ ಸ್ವರ ಕೇಳುವಾಗ ಆಗ್ತದೆ. ಫೋಟೋದಲ್ಲಿ ಅವರು ಸುಮ್ಮನೆ ನೋಡ್ತಾರೆ. ಇಲ್ಲಿ ಉಸಿರು ಎಳೆದುಕೊಳ್ತಾರೆ.

ಉಳಿದವರನ್ನು ಗುರುತಿಸಲಿಕ್ಕೆ ಕಾರ್ಕಳದ ದೊಡ್ಡಮ್ಮನ ಹತ್ತಿರ ಹೋದೆ. ವಯಸ್ಸು ತೊಂಬತ್ತರ ಹತ್ತಿರ, ಕಣ್ಣು ಮಂಜು, ಕಿವಿ ಚುರುಕು. ಕಣ್ಣು ಮುಚ್ಚಿ ಕೇಳಿ, ಇಬ್ಬರ ಹೆಸರು ಥಟ್ಟನೆ ಹೇಳಿದರು. ಹಸೆಗೆ ಕರೆಯುವ ಹಾಡು ಬಂದದ್ದರಿಂದ ಅದು ಅತ್ತೆಯ ಕಿರಿ ನಾದಿನಿಯ ಮದುವೆ, 1987ರ ವೈಶಾಖ ಅಂತ ಲೆಕ್ಕ ಹಾಕಿಕೊಟ್ಟರು. ನಾಲ್ಕನೆಯ ಸ್ವರಕ್ಕೆ ಮಾತ್ರ ತಡೆದರು. ಮೂರು ಸಲ ಹಾಕಿಸಿ ಕೇಳಿದರು. 'ನಮ್ಮವರಲ್ಲ. ಅಡುಗೆಮನೆಗೆ ಸಹಾಯಕ್ಕೆ ಬಂದವಳು ಇರ್ಬೇಕು. ಒಳ್ಳೆ ಹಾಡ್ತಾಳಲ್ಲ! ಹೆಸರು… ನೆನಪಾಗುದಿಲ್ಲ' ಅಂದರು.

ನಾಲ್ವರಲ್ಲಿ ಅತ್ಯಂತ ಚಂದದ ಸ್ವರ ಅವಳದ್ದೇ. ಉಳಿದವರು ಪದ ಮರೆತು ನಿಂತಲ್ಲಿ ಎತ್ತಿಕೊಡುವುದೂ ಅವಳೇ. ಹೆಸರಿಲ್ಲದೆ ಹೋದವಳೂ ಅವಳೇ.

ಸಂಗ್ರಹಾಲಯದವರು ಧ್ವನಿಯಷ್ಟೇ ಚೀಟಿಗೂ ಬೆಲೆ ಕೊಡುವುದು ಎಂತಕ್ಕೆ ಅಂತ ನನಗೆ ಅವತ್ತು ಸರಿಯಾಗಿ ಅರ್ಥ ಆಯಿತು. ಯಾರು, ಎಲ್ಲಿ, ಯಾವಾಗ, ಯಾವ ಸಂದರ್ಭ, ಯಾರು ಹಿಡಿದದ್ದು. ಈ ಐದು ಇಲ್ಲದ ಸ್ವರ ಅನಾಥ. ಟೇಪಿಗೆ ಬೂಸ್ಟು ಬಂದರೆ ಒರೆಸಬಹುದು, ಹೆಸರಿಗೆ ಬೂಸ್ಟು ಬಂದರೆ ಒರೆಸುವ ಬಟ್ಟೆ ಇಲ್ಲ. ಅದು ಗೊತ್ತಿದ್ದ ಜನ ಇರುವ ತನಕ ಮಾತ್ರ.

ನಿಮ್ಮ ಮನೆಯಲ್ಲೂ ಕ್ಯಾಸೆಟ್ ಇದ್ದರೆ ಇಷ್ಟು ಮಾಡಿ. ಬೂಸ್ಟು ಬಂದದ್ದನ್ನು ಬೇರೆ ಡಬ್ಬಿಯಲ್ಲಿ ಇಡಿ, ನುಡಿಸಬೇಡಿ. ಒಳ್ಳೆಯದಿದ್ದರೆ ಮೇಲಿನ ಅಂಚಿನ ಎರಡು ಸಣ್ಣ ಪ್ಲಾಸ್ಟಿಕ್ ಕಿವಿಗಳನ್ನು ಮುರಿಯಿರಿ, ಆಮೇಲೆ ಅದರ ಮೇಲೆ ಬೇರೆ ರೆಕಾರ್ಡ್ ಆಗುವುದಿಲ್ಲ. ಸ್ಪೀಕರ್, ಟಿವಿ ಹತ್ತಿರ ಇಡಬೇಡಿ, ಅಯಸ್ಕಾಂತ ಸ್ವರವನ್ನು ಒರೆಸಿಬಿಡ್ತದೆ. ಗಾಳಿಯಾಡದ ಡಬ್ಬಿಗೆ ಸಿಲಿಕಾ ಜೆಲ್ ಪೊಟ್ಟಣ ಹಾಕಿ ಇಡಿ. ನಕಲು ಮಾಡಿದ ಮೇಲೆ ಮೂರು ಪ್ರತಿ ಇರಲಿ, ಅದರಲ್ಲಿ ಒಂದು ಬೇರೆ ಊರಿನಲ್ಲಿರಲಿ. ಮೂಲ ಕ್ಯಾಸೆಟ್ಟನ್ನು ಎಸೆಯಬೇಡಿ. ಫೈಲಿನ ಹೆಸರಿನಲ್ಲೇ ವರ್ಷ, ಊರು ಬರೆಯಿರಿ. ಮತ್ತೆ, ಎಲ್ಲವನ್ನೂ ಗ್ರೂಪಿಗೆ ಹಾಕುವ ಅವಸರ ಬೇಡ. ಶೋಭಾನೆ ಬೇರೆ, ದರ್ಶನದ ಹೊತ್ತಿನ ಕೂಗು ಬೇರೆ, ಬಾಣಂತಿ ಕೋಣೆಯ ಅಳು ಬೇರೆ. ಸ್ವರ ಯಾರದ್ದೋ ಅವರನ್ನು, ಅವರಿಲ್ಲದಿದ್ದರೆ ಅವರ ಮಕ್ಕಳನ್ನು ಕೇಳಿ ಹಂಚುವ.

ಈಗ ಇದ್ದವರ ಸ್ವರವನ್ನೂ ಮರೆಯಬೇಡಿ. ಎಲ್ಲರ ಕೈಯಲ್ಲೂ ಫೋನ್ ಉಂಟು. ಅಮ್ಮನ ಹತ್ತಿರ 'ಒಂದು ಹಾಡು ಹೇಳಿಯಮ್ಮ, ಬೇಗ' ಅಂದರೆ ರೇಡಿಯೋದ ಇಪ್ಪತ್ತು ನಿಮಿಷ ಸಿಗ್ತದೆ. ಊಟ ಆದ ಮೇಲೆ ಫೋನನ್ನು ಬದಿಗಿಟ್ಟು, 'ಪೂರ್ತಿ ಹೇಳಿ, ನನಗೆ ಪುರುಸೊತ್ತುಂಟು' ಅಂದರೆ ಹದಿನೈದು ಗಂಟೆಯದ್ದು ಹೊರಗೆ ಬರಬಹುದು. ಕೊನೆಗೆ ಅವರ ಬಾಯಿಯಿಂದಲೇ ಹೆಸರು, ಊರು, ತಾರೀಕು ಹೇಳಿಸಿ.

ಇನ್ನೊಂದು ಮಾತು ಕಾಪು ಕಡೆಯವರಿಗೆ. 1987ರ ವೈಶಾಖದಲ್ಲಿ ನಮ್ಮ ಮನೆಯ ಮದುವೆಗೆ ಸಹಾಯಕ್ಕೆ ಬಂದವರಲ್ಲಿ, ಸಣ್ಣ ಸ್ವರದ, ಸಾಲಿನ ಕೊನೆಯನ್ನು ಸ್ವಲ್ಪ ಮೇಲಕ್ಕೆ ಎತ್ತಿ ಬಿಡುವ, ಹಾಡಿನ ನಡುವೆ ಒಮ್ಮೆ ಕೆಮ್ಮಿ ನಗುವ ಹೆಂಗಸು ಯಾರು? ನಿಮ್ಮ ಅಮ್ಮ ಇರಬಹುದು, ಅತ್ತೆ ಇರಬಹುದು. ಮನೆಗೆ ಬಂದರೆ ಕೇಳಿಸ್ತೇನೆ, ಒಂದು ಪ್ರತಿ ಕೊಡ್ತೇನೆ. ಅದು ನಿಮ್ಮದು. ನನ್ನ ಪುಸ್ತಕದಲ್ಲಿ ನಾಲ್ಕನೆಯ ಹೆಸರಿನ ಎದುರು ಜಾಗ ಬಿಟ್ಟಿದ್ದೇನೆ.